ಮಗಳ ಆರತಕ್ಷತೆಗೆ ಬಂದ ಸ್ವಿಂಗ್ ಬ್ಯಾಂಡು

ಮಗಳ ಆರತಕ್ಷತೆ ಮುಗಿದು ಆರು ವಾರವಾಯಿತು. ಅಲ್ಲಿಂದೀಚೆಗೆ ಮೂರು ಮನೆಯವರು ಫೋನ್ ಮಾಡಿ, ಅಂದು ಸ್ವಿಂಗ್, ಅಂದರೆ ಕುಣಿತಕ್ಕೆ ನುಡಿಸುವ ಅಮೆರಿಕದ ಹಳೆಯ ಜಾಜ್ ಸಂಗೀತ, ನುಡಿಸಿದ ಬ್ಯಾಂಡಿನವರ ವಿಚಾರ ಕೇಳಿದ್ದಾರೆ. ಎಲ್ಲಿ ಸಿಕ್ಕಿದರು, ಎಷ್ಟು ಹಣ ಕೊಟ್ಟಿರಿ, ನಮ್ಮಂಥವರ ಸಮಾರಂಭಕ್ಕೆ ಒಗ್ಗುತ್ತದೆಯೇ ಎಂದು. ಒಬ್ಬೊಬ್ಬರಿಗೆ ಅರ್ಧ ಗಂಟೆ ಹೇಳಿದ ಮೇಲೂ ಏನೋ ಬಿಟ್ಟುಹೋಯಿತು ಅನ್ನಿಸುತ್ತಿತ್ತು. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಖಂಡಿತ ಕರೆಸಿ. ಆದರೆ ಕರೆಸುವ ಮೊದಲು ನಿಮ್ಮ ಸಭಾಂಗಣದ ಗೋಡೆಯ ಮೇಲೆ ಮೂರು ದೀಪದ ಒಂದು ಪೆಟ್ಟಿಗೆ ಇದೆಯೇ ಎಂದು ನೋಡಿಕೊಳ್ಳಿ. ಅದರ ವಿಚಾರ ಮುಂದೆ ಬರುತ್ತದೆ.

ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಹ್ಯಾಲಿಫ್ಯಾಕ್ಸ್ ಪಟ್ಟಣದ ಹತ್ತಿರ. ನಾನು ಮೈಸೂರಿನವಳು, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಅಳಿಯ ಇಲ್ಲಿಯ ಹುಡುಗ. ಮುಹೂರ್ತ ಫೆಬ್ರವರಿಯಲ್ಲಿ ಮೈಸೂರಿನಲ್ಲೇ ನಾಗಸ್ವರ, ಡೋಲುಗಳೊಂದಿಗೆ ಆಯಿತು. ಬೀಗರ ಕಡೆಯವರಲ್ಲಿ ಅಷ್ಟು ದೂರ ಬರಲಾಗದವರಿಗಾಗಿ ಆಗಸ್ಟ್‌ನಲ್ಲಿ ಇಲ್ಲಿ ಆರತಕ್ಷತೆ. ಧ್ವನಿಮುದ್ರಿತ ಹಾಡು ಹಾಕಿ ಕುಣಿಸುವವರು ಬೇಡ, ಮನುಷ್ಯರು ಎದುರಿಗೆ ಕುಳಿತು ನುಡಿಸಬೇಕು ಎಂದು ಮಗಳು ಪಟ್ಟು ಹಿಡಿದಳು. ಆಗ ಅಳಿಯ, "ನಮ್ಮ ಸೋದರಮಾವ ಒಂದು ಬ್ಯಾಂಡಿನಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನ್ ನುಡಿಸುತ್ತಾರೆ. ಹದಿನೇಳು ಜನ ಇದ್ದಾರೆ. ಮಂಗಳವಾರ ಸಂಜೆ ತಾಲೀಮು ಇರುತ್ತದೆ, ಬಂದು ಒಮ್ಮೆ ಕೇಳಿ ಅತ್ತೆ" ಎಂದ.

ಹೋದೆ. ಅವರು ತಾಲೀಮು ಮಾಡುವುದು ಒಂದು ಕ್ರಿಕೆಟ್ ಕ್ಲಬ್ಬಿನ ಮಾಳಿಗೆಯ ಮೇಲೆ. ಮೆಟ್ಟಿಲು ಕಡಿದು. ಬ್ಯಾರಿಟೋನ್ ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಹತ್ತಿಸುತ್ತಿದ್ದರು. ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಎರಡು ಗಂಟೆ ಕುಳಿತೆ. ಆ ಎರಡು ಗಂಟೆಯಲ್ಲಿ ಅವರು ನುಡಿಸಿದ್ದು ನಾಲ್ಕೇ ರಚನೆ. ಅದರಲ್ಲೂ ನಲವತ್ತು ನಿಮಿಷ ಒಂದೇ ರಚನೆಯ ಎಂಟು ಸಾಲಿನ ಮೇಲೆ ಹೋಯಿತು. ನಾಲ್ಕು ಟ್ರಂಪೆಟ್‌ಗಳು ಒಟ್ಟಿಗೆ ಒಂದು ಸ್ವರವನ್ನು ಹಿಡಿದು, ಒಟ್ಟಿಗೇ ಬಿಡಬೇಕು. ಹಿಡಿಯುವುದು ಸರಿಹೋಗುತ್ತಿತ್ತು, ಬಿಡುವುದು ಹೋಗುತ್ತಿರಲಿಲ್ಲ. ಮೂರನೆಯ ಟ್ರಂಪೆಟ್‌ನವರು ಕೂದಲೆಳೆಯಷ್ಟು ತಡವಾಗಿ ಬಿಡುತ್ತಿದ್ದರು. ಮುಂದಿನ ಸಾಲಿನ ನಡುವೆ ಕುಳಿತ ಹೆಂಗಸು, ಮೊದಲ ಆಲ್ಟೊ ಸ್ಯಾಕ್ಸೊಫೋನ್ ಅವರದು, ಹಿಂದಿರುಗಿ ಕೂಡ ನೋಡದೆ "ಇನ್ನೊಮ್ಮೆ" ಎನ್ನುತ್ತಿದ್ದರು. ಬೇಸರವಿಲ್ಲ, ಗದರಿಕೆಯಿಲ್ಲ. ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ ನಾಲ್ಕೂ ವಾದ್ಯಗಳ ದನಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಒಟ್ಟಿಗೇ ನಿಂತಿತು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರನೆಯ ಟ್ರಂಪೆಟ್‌ನವರ ಮೊಣಕಾಲನ್ನು ಪಕ್ಕದವರು ಒಮ್ಮೆ ತಟ್ಟಿದರು, ಅಷ್ಟೆ. ಆ ತಟ್ಟಿದ್ದನ್ನು ನೋಡಿಯೇ ನಾನು ಮುಂಗಡ ಕೊಡಲು ನಿರ್ಧರಿಸಿದೆ.

ಇವರಲ್ಲಿ ಹೆಚ್ಚಿನವರು ಒಂದೇ ಶಾಲೆಯವರು. ಈಗಿರುವ ಹದಿನೇಳರಲ್ಲಿ ಹನ್ನೊಂದು ಜನ ಆ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಉಳಿದವರಲ್ಲಿ ಒಬ್ಬರು ಒಬ್ಬರ ಹೆಂಡತಿ, ಇನ್ನೊಬ್ಬಳು ಇನ್ನೊಬ್ಬರ ಮಗಳು, ಮಿಕ್ಕವರು ಪಕ್ಕದ ಊರುಗಳಿಂದ ಸೇರಿದವರು. ಎಂಬತ್ತರ ದಶಕದಲ್ಲಿ ಇವರಿಗೆ ಹದಿಮೂರು ಹದಿನಾಲ್ಕು ವರ್ಷವಿದ್ದಾಗ, ಸಂಗೀತದ ಮೇಷ್ಟರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೂಡಿಸಿ ನುಡಿಸಲು ಕಲಿಸಿದರಂತೆ. ವಾದ್ಯಗಳು ಕೌನ್ಸಿಲ್‌ನಿಂದ, ಅಂದರೆ ಇಲ್ಲಿಯ ಸ್ಥಳೀಯ ಆಡಳಿತದಿಂದ, ಎರವಲು ಬಂದವು. ಶಾಲೆ ಮುಗಿದು ಎಲ್ಲರೂ ದಿಕ್ಕಿಗೊಬ್ಬರಾದರೂ ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಾಗ ಸೇರುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಊರಿಗೆ ಮರಳಿ, ಸಂಸಾರ ಹೂಡಿ, ಮಂಗಳವಾರಗಳು ಶುರುವಾದವು. ಈಗ ಅವರಲ್ಲಿ ಒಬ್ಬರು ಅಂಚೆಯವರು, ಒಬ್ಬರು ಗಣಿತದ ಮೇಷ್ಟರು, ಒಬ್ಬರು ಬಸ್ ಚಾಲಕರು, ಮೊದಲ ಆಲ್ಟೊದ ಹೆಂಗಸು ದಾದಿ. ಸಂಗೀತದಿಂದ ಹೊಟ್ಟೆ ಹೊರೆಯುವವರು ಒಬ್ಬರೂ ಇಲ್ಲ.

ಈ ಸೀಮೆಯ ವಿಚಾರವನ್ನೂ ಒಂದು ಮಾತು ಹೇಳಬೇಕು. ಇದು ಉಣ್ಣೆ ಗಿರಣಿಗಳ ನಾಡು, ಹಾಗೆಯೇ ಹಿತ್ತಾಳೆ ವಾದ್ಯಗಳ ನಾಡು. ಹ್ಯಾಲಿಫ್ಯಾಕ್ಸ್ ಮತ್ತು ಬ್ರ್ಯಾಡ್‌ಫರ್ಡ್ ನಡುವಿನ ಗುಡ್ಡದ ಮೇಲಿರುವ ಕ್ವೀನ್ಸ್‌ಬರಿಯ ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡು 1855ರಿಂದ ಇದೆ, ಇಂದಿಗೂ ನುಡಿಸುತ್ತಿದೆ. ಆದ್ದರಿಂದ ಇಲ್ಲಿಯ ಮಕ್ಕಳ ಕೈಗೆ ಕಾರ್ನೆಟ್, ಟ್ರಾಂಬೋನ್ ಬರುವುದು ದೊಡ್ಡ ಸಂಗತಿಯಲ್ಲ. ಆದರೆ ಗಿರಣಿಯ ಬ್ಯಾಂಡುಗಳಲ್ಲಿ ಸ್ಯಾಕ್ಸೊಫೋನ್ ಇರುವುದಿಲ್ಲ, ಟ್ರಂಪೆಟ್ ಕೂಡ ಇಲ್ಲ, ಅದರ ಜಾಗದಲ್ಲಿ ಕಾರ್ನೆಟ್. ಲಯವೂ ಬೇರೆ, ನೇರ ನಡಿಗೆಯದು. ಸ್ವಿಂಗ್‌ನ ಓಲಾಟವನ್ನು ಇವರು ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿಯೇ ಮೈಗೂಡಿಸಿಕೊಳ್ಳಬೇಕಾಯಿತು.

ಆ ಓಲಾಟ ಏನೆಂದು ನನಗೆ ತಿಳಿಸಿಕೊಟ್ಟವರು ನನ್ನ ಅಮ್ಮ. ಅವರಿಗೆ ಎಂಬತ್ತೊಂದು ವರ್ಷ, ಆರತಕ್ಷತೆಗೆಂದು ಮೈಸೂರಿನಿಂದ ಬಂದಿದ್ದರು. ಚಿಕ್ಕಂದಿನಲ್ಲಿ ಹತ್ತು ವರ್ಷ ವೀಣೆ ಕಲಿತವರು. ತಾಲೀಮಿನಲ್ಲಿ ನಾನು ಮೊಬೈಲಿನಲ್ಲಿ ಹಿಡಿದು ತಂದದ್ದನ್ನು ಕೇಳಿಸಿದಾಗ, ತೊಡೆಯ ಮೇಲೆ ತಾಳ ಹಾಕುತ್ತಾ, "ಆದಿತಾಳಕ್ಕೆ ಸರಿಯಾಗಿ ಕೂಡುತ್ತದೆ ಕಣೇ. ಆದರೆ ಒಂದು ಅಕ್ಷರವನ್ನು ಎರಡು ಸಮಪಾಲು ಮಾಡುತ್ತಿಲ್ಲ. ಮೂರು ಪಾಲು ಮಾಡಿ, ಮೊದಲ ಸ್ವರಕ್ಕೆ ಎರಡು ಪಾಲು, ಮುಂದಿನದಕ್ಕೆ ಒಂದು ಪಾಲು ಕೊಡುತ್ತಿದ್ದಾರೆ" ಎಂದರು. ಅದೇ ಸ್ವಿಂಗ್. ಒತ್ತು ಮಾತ್ರ ನಮ್ಮ ಪೆಟ್ಟು ಬೀಳುವ ಒಂದನೆಯ ಎಣಿಕೆಯ ಮೇಲಲ್ಲ, ಎರಡು ಮತ್ತು ನಾಲ್ಕರ ಮೇಲೆ. ಡ್ರಮ್ ನುಡಿಸುವವರ ಎಡಗಾಲಿನ ಕೆಳಗಿರುವ ಜೋಡಿ ತಾಳಗಳು ಅಲ್ಲಿಯೇ ಮುಚ್ಚಿಕೊಳ್ಳುತ್ತವೆ. ಇದನ್ನು ಅಮ್ಮ ಒಮ್ಮೆ ಹಿಡಿದ ಮೇಲೆ ಬಿಡಲೇ ಇಲ್ಲ. ಡ್ಯೂಕ್ ಎಲಿಂಗ್ಟನ್ ಬ್ಯಾಂಡು 1941ರಲ್ಲಿ ಧ್ವನಿಮುದ್ರಿಸಿದ, ಬಿಲ್ಲಿ ಸ್ಟ್ರೇಹಾರ್ನ್ ರಚಿಸಿದ 'ಟೇಕ್ ದಿ ಎ ಟ್ರೇನ್' ಇವರ ಪಟ್ಟಿಯಲ್ಲಿದೆ. ಅದರ ಒಂದು ಸುತ್ತು ನಾಲ್ಕು ನಾಲ್ಕು ಎಣಿಕೆಯ ಮೂವತ್ತೆರಡು ಅಳತೆ, ಅಂದರೆ ಎಂಟು ಎಣಿಕೆಯ ಆದಿತಾಳದ ಹದಿನಾರು ಆವರ್ತ. ಒಂದೇ ಮಟ್ಟು ಎರಡು ಸಲ ಬಂದು, ನಂತರ ಬೇರೊಂದು ಮಟ್ಟು, ಮತ್ತೆ ಮೊದಲನೆಯದು. ಅಮ್ಮ ಎಣಿಸಿ ನೋಡಿ, "ಮೂರನೆಯದು ಚರಣ, ಅದಾದ ಮೇಲೆ ಪಲ್ಲವಿಗೆ ಬರುತ್ತಾರೆ" ಎಂದು ತೀರ್ಮಾನ ಕೊಟ್ಟರು.

ಬ್ಯಾಂಡಿನವರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ನಡವಳಿಕೆಯನ್ನು ಇಲ್ಲಿಯೇ ಹೇಳಬೇಕು. ದಿನಾಂಕ ಗೊತ್ತಾದ ವಾರವೇ ಗಣಿತದ ಮೇಷ್ಟರು, ಅವರು ಎರಡನೆಯ ಟೆನರ್ ಸ್ಯಾಕ್ಸೊಫೋನ್, ನಮಗೆ ಪತ್ರ ಬರೆದು, ಹುಡುಗಿಯ ಮನೆಯವರ ಕಡೆಯಿಂದ ಒಂದು ಮಟ್ಟು ಬೇಕು, ಬ್ಯಾಂಡಿಗೆ ಒಗ್ಗಿಸಿ ಬರೆಯುತ್ತೇನೆ ಎಂದು ಕೇಳಿದರು. ಅಮ್ಮ ಮೊದಲು ಕಾಪಿ ರಾಗದ ದೇವರನಾಮವೊಂದನ್ನು ಹಾಡಿ ಕಳುಹಿಸಿದರು. ನಾಲ್ಕು ದಿನ ಬಿಟ್ಟು ಅವರ ಉತ್ತರ ಬಂತು. ಹಾಡು ಬಹಳ ಚೆನ್ನಾಗಿದೆ, ಆದರೆ ಅದರ ಜೀವ ಇರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲಿ. ಆ ದಾರಿಯಲ್ಲಿ ಐದು ಸ್ಯಾಕ್ಸೊಫೋನುಗಳನ್ನು ಒಟ್ಟಿಗೆ ಜಾರಿಸಲು ನಮಗೆ ಬರುವುದಿಲ್ಲ, ಕೆಡಿಸಿಬಿಡುತ್ತೇವೆ ಎಂದು ಬರೆದಿದ್ದರು. ಗಮಕ ಎಂಬ ಪದವನ್ನೇ ಕೇಳದ ಮನುಷ್ಯ ಗಮಕವನ್ನು ಅಷ್ಟು ಸರಿಯಾಗಿ ಗುರುತಿಸಿದ್ದಕ್ಕೆ ಅಮ್ಮ ತುಂಬಾ ಸಂತೋಷಪಟ್ಟರು. "ಹಾಗಾದರೆ ನೊಟ್ಟುಸ್ವರ ಕೊಡೋಣ" ಎಂದು 'ಶಕ್ತಿಸಹಿತಗಣಪತಿಂ' ಹಾಡಿದರು.

ಸಂಗೀತ ಕಲಿತ ಮಕ್ಕಳಿಗೆಲ್ಲ ಇದು ಗೊತ್ತು. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಆಸುಪಾಸಿನಲ್ಲಿದ್ದಾಗ ಕಂಪನಿ ಸರಕಾರದ ಬ್ಯಾಂಡಿನವರ ಪಾಶ್ಚಾತ್ಯ ಮಟ್ಟುಗಳನ್ನು ಕೇಳಿ, ಆ ಧಾಟಿಯಲ್ಲಿ ಸಂಸ್ಕೃತ ಸಾಹಿತ್ಯ ರಚಿಸಿದರು. ಅವೇ ನೊಟ್ಟುಸ್ವರಗಳು. ಶಂಕರಾಭರಣದ ಸ್ವರಗಳು, ಗಮಕವಿಲ್ಲದೆ ನೇರವಾಗಿ ಹಾಡುವಂಥವು. ಆ ಸ್ವರಗಳು ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ಸರಿಯಾಗಿ ಕೂಡುತ್ತವೆ. ಬ್ಯಾಂಡಿನಿಂದ ನಮ್ಮ ಕಡೆಗೆ ಬಂದದ್ದನ್ನು ಇನ್ನೂರು ವರ್ಷದ ಮೇಲೆ ಬ್ಯಾಂಡಿಗೇ ಹಿಂದಕ್ಕೆ ಕೊಟ್ಟಂತಾಯಿತು.

ಇನ್ನು ಆ ದಿನದ ವಿಚಾರ. ಸಭಾಂಗಣ ಹಳೆಯ ಉಣ್ಣೆ ಗಿರಣಿಯೊಂದರ ಎರಡನೆಯ ಮಹಡಿ. ಕಲ್ಲಿನ ಗೋಡೆ, ಮರದ ನೆಲ, ಕಬ್ಬಿಣದ ಕಂಬಗಳು. ಆರು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕಕ್ಕೇ ಬಂದು ಜೋಡಿಸತೊಡಗಿದರು. ಮುಂದೆ ಐದು ಸ್ಯಾಕ್ಸೊಫೋನ್, ಅದರ ಹಿಂದೆ ನಾಲ್ಕು ಟ್ರಾಂಬೋನ್, ಎಲ್ಲಕ್ಕಿಂತ ಹಿಂದೆ ಎತ್ತರದಲ್ಲಿ ನಾಲ್ಕು ಟ್ರಂಪೆಟ್. ಪಕ್ಕದಲ್ಲಿ ಪಿಯಾನೊ, ಡಬಲ್ ಬಾಸ್, ಗಿಟಾರ್, ಡ್ರಮ್. ಮೂರೂ ಸಾಲುಗಳ ಮುಖ್ಯ ವಾದಕರು ಒಬ್ಬರ ಹಿಂದೆ ಒಬ್ಬರು ನೇರವಾಗಿ ಕೂರುತ್ತಾರೆ. ಮುಂದಿನವರು ಉಸಿರು ಎಳೆದುಕೊಳ್ಳುವುದು ಹಿಂದಿನವರಿಗೆ ಕಾಣಬೇಕು ಎನ್ನುವುದು ಕಾರಣ. ಜೋಡಿಸಿ ಮುಗಿದ ಮೇಲೆ ಅಂಚೆಯವರು ಒಂದು ಚೀಲದಿಂದ ಹಳೆಯ ಟವೆಲುಗಳನ್ನು ತೆಗೆದು ಪ್ರತಿಯೊಂದು ಟ್ರಾಂಬೋನಿನ ಕುರ್ಚಿಯ ಮುಂದೆ ಹಾಸಿದರು. ಊದುವಾಗ ಕೊಳವೆಯೊಳಗೆ ಉಸಿರಿನ ತೇವ ನೀರಾಗಿ ನಿಲ್ಲುತ್ತದೆ, ಆಗಾಗ ಅದನ್ನು ಹೊರಗೆ ಬಿಡಬೇಕು. ಮರದ ನೆಲದ ಮೇಲೆ ಬಿದ್ದರೆ ಕುಣಿಯುವವರು ಜಾರಿಬಿದ್ದಾರು ಎಂದು ಟವೆಲು. ಯಾರೂ ಹೇಳದೆ ಇಂಥದ್ದನ್ನು ಮಾಡುವವರ ಮೇಲೆ ನನಗೆ ತಾನಾಗಿ ನಂಬಿಕೆ ಬರುತ್ತದೆ.

ಅಮ್ಮ ಒಳಗೆ ಬಂದವರೇ ಮುಂದಿನ ಸಾಲನ್ನು ನೋಡಿ, "ಕದ್ರಿಯವರ ವಾದ್ಯ! ಅದೂ ಐದು!" ಎಂದರು. ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೊಫೋನಿನ ಮೋಹ ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆಯೇ. ನಾಗಸ್ವರದ ಮನೆತನದ ಹುಡುಗ ಅದನ್ನು ಪಳಗಿಸಿ ಕರ್ನಾಟಕ ಸಂಗೀತಕ್ಕೆ ತಂದು, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದವರೆಗೂ ಹೋದರು. ನನ್ನ ಅಮ್ಮನಿಗೂ ಹಿತ್ತಾಳೆಯ ನಾದ ಎಂದರೆ ದಸರಾ ದಿನಗಳ ಅರಮನೆಯ ಆವರಣವೇ. ದೀಪ ಹತ್ತಿದ ಅರಮನೆಯ ಮುಂದೆ, ತಾತನ ಕೈ ಹಿಡಿದು ನಿಂತು ಬ್ಯಾಂಡು ಕೇಳಿದ್ದನ್ನು ಅವರು ಅಳಿಯನ ಅಜ್ಜಿಗೆ ಹೇಳಿದರು, ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ.

ಈಗ ಮೊದಲ ದೂರು. ಊಟದ ಹೊತ್ತಿನಲ್ಲಿ ಬ್ಯಾಂಡು ತೀರಾ ಜೋರಾಯಿತು. ಹದಿಮೂರು ಊದುವ ವಾದ್ಯಗಳು ಎಷ್ಟೇ ತಗ್ಗಿಸಿ ನುಡಿಸಿದರೂ ಹದಿಮೂರೇ. ಹತ್ತಿರದ ಎರಡು ಮೇಜಿನವರು ಒಬ್ಬರ ಕಿವಿಗೆ ಒಬ್ಬರು ಬಾಗಿ ಮಾತಾಡಬೇಕಾಯಿತು. ಬೀಗರ ಕಡೆಯ ಹಿರಿಯರೊಬ್ಬರು ಕಿವಿಯ ಯಂತ್ರವನ್ನೇ ತೆಗೆದಿಟ್ಟರು. ಆಮೇಲೆ ಗೊತ್ತಾದದ್ದು, ಊಟದ ಹೊತ್ತಿಗೆಂದು ಪಿಯಾನೊ, ಬಾಸ್, ಗಿಟಾರ್, ಡ್ರಮ್ ಮತ್ತು ಒಂದೇ ಸ್ಯಾಕ್ಸೊಫೋನ್ ಇರುವ ಐವರ ಚಿಕ್ಕ ತಂಡವನ್ನು ಅವರು ಕೂಡಿಸಿಕೊಡುತ್ತಾರಂತೆ. ಹೆಚ್ಚಿನ ಹಣವೂ ಇಲ್ಲ. ಇದನ್ನು ಅವರು ಮೊದಲೇ ನಮಗೆ ಹೇಳಬೇಕಾಗಿತ್ತು. ನೀವು ಕರೆಸುವುದಾದರೆ ಕೇಳಿ ಪಡೆಯಿರಿ.

ಎರಡನೆಯ ದೂರು ಹಾಡುಗಾರನದು. ಮೇಲಿನ ಸ್ವರಗಳಲ್ಲಿ ದನಿ ಚೆನ್ನಾಗಿದೆ, ಮಂದ್ರಕ್ಕೆ ಇಳಿದಾಗ ವಾದ್ಯಗಳ ಕೆಳಗೆ ಹೂತುಹೋಗುತ್ತದೆ. ಬಿಡುವು ಇಪ್ಪತ್ತು ನಿಮಿಷ ಎಂದವರು ಮೂವತ್ತೈದು ನಿಮಿಷ ತೆಗೆದುಕೊಂಡರು. ಅಷ್ಟರಲ್ಲಿ ಕುಣಿಯುವ ಹುರುಪಿನಲ್ಲಿದ್ದ ಮಕ್ಕಳು ಕುಳಿತುಬಿಟ್ಟಿದ್ದರು.

ದೂರು ಅಲ್ಲಿಗೆ ಮುಗಿಯಿತು. ಊಟ ಮುಗಿದು ಮೇಜುಗಳನ್ನು ಪಕ್ಕಕ್ಕೆ ಸರಿಸಿದ ಮೇಲೆ ಅವರು ಮೊದಲು ಎತ್ತಿಕೊಂಡದ್ದು ಗ್ಲೆನ್ ಮಿಲ್ಲರ್ ಅವರ 'ಮೂನ್‌ಲೈಟ್ ಸೆರೆನೇಡ್'. ಮೊದಲ ಆಲ್ಟೊದ ಹೆಂಗಸು ಸ್ಯಾಕ್ಸೊಫೋನ್ ಕೆಳಗಿಟ್ಟು ಕ್ಲಾರಿನೆಟ್ ಕೈಗೆ ತೆಗೆದುಕೊಂಡರು. ಮಿಲ್ಲರ್ ಬ್ಯಾಂಡಿನ ಗುಟ್ಟೇ ಅದು. ಮೇಲೆ ಕ್ಲಾರಿನೆಟ್, ಅದೇ ಮಟ್ಟನ್ನು ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೊಫೋನ್, ನಡುವಿನ ಜಾಗವನ್ನು ಮಿಕ್ಕ ಸ್ಯಾಕ್ಸೊಫೋನುಗಳು ತುಂಬುತ್ತವೆ. ಹಾಲಿನ ಮೇಲೆ ಕೆನೆ ಕಟ್ಟಿದಂಥ ನಾದ ಬರುತ್ತದೆ. ಅಳಿಯನ ಅಜ್ಜಿಗೆ ತೊಂಬತ್ತು. ಮಿಲ್ಲರ್ 1944ರಲ್ಲಿ ಅಮೆರಿಕದ ಸೇನೆಯ ಬ್ಯಾಂಡಿನೊಂದಿಗೆ ಇಂಗ್ಲೆಂಡಿಗೆ ಬಂದು ಬೆಡ್‌ಫರ್ಡ್‌ನಲ್ಲಿ ಇದ್ದಾಗ ಆಕೆ ಪುಟ್ಟ ಹುಡುಗಿ. ಆ ವರ್ಷದ ಡಿಸೆಂಬರ್ 15ರಂದು ಬೆಡ್‌ಫರ್ಡ್ ಹತ್ತಿರದ ಟ್ವಿನ್‌ವುಡ್ ವಿಮಾನ ನಿಲ್ದಾಣದಿಂದ ಫ್ರಾನ್ಸಿಗೆ ಹೊರಟ ಮಿಲ್ಲರ್ ಮತ್ತೆ ಸಿಗಲಿಲ್ಲ. ವಿಮಾನವೂ ಸಿಗಲಿಲ್ಲ. ಅಡುಗೆಮನೆಯ ರೇಡಿಯೊದ ಮುಂದೆ ಈ ಹಾಡಿಗೆ ಅಕ್ಕ ತನ್ನನ್ನು ತನ್ನ ಪಾದಗಳ ಮೇಲೆ ನಿಲ್ಲಿಸಿಕೊಂಡು ಕುಣಿಸುತ್ತಿದ್ದಳು ಎಂದು ಅಜ್ಜಿ ಹೇಳಿದರು. ಊರುಗೋಲನ್ನು ನನ್ನ ಅಮ್ಮನ ಕೈಗೆ ಕೊಟ್ಟು, ಮೊಮ್ಮಗನ ಭುಜ ಹಿಡಿದು ಎದ್ದರು. ಹಾಡು ಮುಗಿಯುವವರೆಗೂ ಅಮ್ಮ ಆ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಬಿಡುವಿನಲ್ಲಿ ಅಂಚೆಯವರು ನಮ್ಮ ಮಕ್ಕಳ ಗುಂಪಿಗೆ ಟ್ರಾಂಬೋನ್ ಮಾತಾಡುವುದನ್ನು ತೋರಿಸಿದರು. ಕಟ್ಟಿಕೊಂಡ ಸಿಂಕನ್ನು ಬಿಡಿಸಲು ಅಂಗಡಿಯಲ್ಲಿ ಸಿಗುವ ರಬ್ಬರಿನ ಬಟ್ಟಲು, ಅದರ ಮರದ ಹಿಡಿ ತೆಗೆದಿದ್ದಾರೆ. ಅದನ್ನು ಎಡಗೈಯಲ್ಲಿ ಹಿಡಿದು ವಾದ್ಯದ ಬಾಯಿಯನ್ನು ಮುಚ್ಚಿ ತೆರೆದು ಮಾಡಿದರೆ 'ವಾ' ಎನ್ನುತ್ತದೆ. ಗಂಟಲಿನಿಂದ ಗುರುಗುಟ್ಟುತ್ತಾ ಊದಿದರೆ ದನಿ ಒರಟಾಗಿ, ಮುನಿದ ಮನುಷ್ಯನ ಮಾತಿನ ಹಾಗಾಗುತ್ತದೆ. ಎಲಿಂಗ್ಟನ್ ಬ್ಯಾಂಡಿನಲ್ಲಿ ಟ್ರಿಕಿ ಸ್ಯಾಮ್ ನ್ಯಾಂಟನ್ ಇದಕ್ಕೇ ಹೆಸರಾಗಿದ್ದವರು. ನನ್ನ ಅಕ್ಕನ ಮೊಮ್ಮಗ, ಆರು ವರ್ಷದವನು, ತನ್ನ ಹೆಸರನ್ನು ಹೇಳಿಸಿ ಎಂದು ಹಟ ಹಿಡಿದ. ಅಂಚೆಯವರು ಮೂರು ಸಲ ಅವನ ಬಾಯಿಂದ ಹೆಸರು ಕೇಳಿಕೊಂಡು, ಗಂಭೀರವಾಗಿ ಅದನ್ನೇ ನುಡಿಸಿದರು. ಟ್ರಾಂಬೋನಿನಿಂದ ಅವನ ಹೆಸರಿನ ಸ್ವರಗಳು ಒಂದೊಂದೂ ಕೇಳಿದವು.

ಬಿಡುವಿನ ನಂತರ ಮೊದಲು ಬಂದದ್ದು 'ಲಿಲ್ ಡಾರ್ಲಿನ್'. ನೀಲ್ ಹೆಫ್ಟಿ ಇದನ್ನು ಕೌಂಟ್ ಬೇಸಿ ಬ್ಯಾಂಡಿಗೆ ಬರೆದಾಗ ಇನ್ನೂ ವೇಗದ ರಚನೆಯೆಂದು ಬರೆದಿದ್ದರು, ಅದನ್ನು ಅಷ್ಟು ನಿಧಾನಕ್ಕೆ ಇಳಿಸಿದವರು ಬೇಸಿ. ಚೌಕಕಾಲದಲ್ಲಿ ಹಾಡುವುದು ಎಷ್ಟು ಕಷ್ಟ ಎಂದು ನಮ್ಮ ಸಂಗೀತ ಬಲ್ಲವರಿಗೆ ಹೇಳಬೇಕಾಗಿಲ್ಲ. ವೇಗದಲ್ಲಿ ಮುಚ್ಚಿಹೋಗುವ ಹುಳುಕುಗಳೆಲ್ಲ ನಿಧಾನದಲ್ಲಿ ಹೊರಗೆ ಬೀಳುತ್ತವೆ. ಕಾಲಪ್ರಮಾಣ ಒಂದಿಷ್ಟೂ ಓಡಬಾರದು. ಇವರದು ಮೊದಲ ಸುತ್ತಿನ ಕೊನೆಗೆ ಸ್ವಲ್ಪ ಓಡಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಬಾಸ್‌ನವರು ಕಡಿವಾಣ ಎಳೆದ ಹಾಗೆ ಹಿಂದಕ್ಕೆ ತಂದರು.

ಆ ಪೆಟ್ಟಿಗೆ ತನ್ನ ಕೆಲಸ ತೋರಿಸಿದ್ದು ಅದರ ಮುಂದಿನ ರಚನೆಯಲ್ಲಿ. ಇಲ್ಲಿಯ ಅನೇಕ ಸಭಾಂಗಣಗಳಲ್ಲಿ, ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗಬಾರದೆಂದು, ಶಬ್ದವನ್ನು ಅಳೆಯುವ ಪೆಟ್ಟಿಗೆಯೊಂದನ್ನು ಗೋಡೆಗೆ ಕೂರಿಸಿರುತ್ತಾರೆ. ಹಸಿರು, ಹಳದಿ, ಕೆಂಪು ದೀಪ. ಕೆಂಪು ಕೆಲವು ಕ್ಷಣ ನಿಂತರೆ ವೇದಿಕೆಯ ವಿದ್ಯುತ್ತನ್ನು ತಾನಾಗಿ ಕಡಿದುಹಾಕುತ್ತದೆ. ಸಭಾಂಗಣದವರು ಇದರ ಮಾತನ್ನೇ ನಮಗೆ ಎತ್ತಿರಲಿಲ್ಲ. ಹದಿಮೂರು ವಾದ್ಯಗಳೂ ಪೂರ್ತಿ ತೆರೆದುಕೊಂಡ ಹೊತ್ತಿನಲ್ಲಿ ಕೆಂಪು ದೀಪ ಹತ್ತಿತು, ನಿಂತಿತು, ವಿದ್ಯುತ್ತು ಹೋಯಿತು. ಪಿಯಾನೊ ವಿದ್ಯುತ್ತಿನದು, ಅದು ಮೂಕವಾಯಿತು. ಮೈಕು ಸತ್ತಿತು. ಬಾಸ್‌ನ ದನಿ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಯಾರೂ ನಿಲ್ಲಿಸಲಿಲ್ಲ. ಮೊದಲ ಆಲ್ಟೊದ ಹೆಂಗಸು ಎಡಗೈಯನ್ನು ವಾದ್ಯದಿಂದ ತೆಗೆದು ಸೊಂಟದ ಮಟ್ಟದಲ್ಲಿ ಅಂಗೈ ಕೆಳಗೆ ಮಾಡಿ ಹಿಡಿದರು, ಒಂದು ಕ್ಷಣ. ಟ್ರಂಪೆಟ್‌ಗಳೂ ಟ್ರಾಂಬೋನ್‌ಗಳೂ ತಮ್ಮ ವಾಕ್ಯ ಮುಗಿಸಿ ಸುಮ್ಮನಾದವು. ಡ್ರಮ್‌ನವರು ಕಡ್ಡಿಗಳನ್ನು ಕೆಳಗಿಟ್ಟು, ಡ್ರಮ್ಮನ್ನು ಮೆತ್ತಗೆ ಸವರುವ ತಂತಿಯ ಕುಂಚ ಹಿಡಿದರು. ಐದು ಸ್ಯಾಕ್ಸೊಫೋನುಗಳು ಉಸಿರಾಡಿದಷ್ಟು ಮೆಲ್ಲಗೆ ಆಧಾರಸ್ವರ ಹಿಡಿದವು. ಆಗ ಕೇಳಿಸಿತು ಗಿಟಾರು. ಬಸ್ ಚಾಲಕರು ಸಂಜೆಯಿಡೀ ನುಡಿಸುತ್ತಲೇ ಇದ್ದರು, ಅವರ ಕೈ ಆಡುವುದು ಕಾಣುತ್ತಿತ್ತು, ದನಿ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ವಿದ್ಯುತ್ತಿಲ್ಲದ ಗಿಟಾರು, ಅಳತೆಗೆ ನಾಲ್ಕು ಮೀಟು, ಎಲ್ಲವೂ ಒಂದೇ ಸಮ, ಗಡಿಯಾರಕ್ಕಿಂತ ಮೆತ್ತಗೆ. ಬೇಸಿ ಬ್ಯಾಂಡಿನ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ, ಐವತ್ತು ವರ್ಷ, ಹೆಚ್ಚುಕಡಿಮೆ ಇಷ್ಟನ್ನೇ ಮಾಡಿದ್ದು. ಉಳಿದವರೆಲ್ಲ ಅದರ ಮೇಲೆ ನಿಂತಿರುತ್ತಾರೆ. ಕುಣಿಯುತ್ತಿದ್ದವರೂ ದನಿ ತಗ್ಗಿಸಿ, ಹೆಜ್ಜೆಯನ್ನು ಮಾತ್ರ ಬಿಡದೆ ಕುಣಿದರು. ಮರದ ನೆಲದ ಮೇಲೆ ಪಾದಗಳು ಸವರುವ ಸದ್ದು, ಗಿಟಾರು, ಕುಂಚ. ಕಾವಲಿನವರು ಓಡಿಬಂದು ಗುಂಡಿ ಒತ್ತಿ ವಿದ್ಯುತ್ತು ತರಲು ಒಂದು ನಿಮಿಷ ಹಿಡಿದಿರಬಹುದು. ಪಿಯಾನೊದವರು ಸುತ್ತಿನಲ್ಲಿ ತಮ್ಮ ಜಾಗ ಬರುವವರೆಗೆ ಕಾದು ಒಳಗೆ ಬಂದರು. ತುಂಬಾ ಜನಕ್ಕೆ ಏನೋ ಕೆಟ್ಟಿತ್ತು ಎಂಬುದೇ ತಿಳಿಯಲಿಲ್ಲ. ನನ್ನನ್ನು ಕೇಳಿದರೆ ಇಡೀ ಸಂಜೆಯಲ್ಲಿ ನಾವು ಕೊಟ್ಟ ಹಣ ಸಾರ್ಥಕವಾದದ್ದು ಆ ಒಂದು ನಿಮಿಷದಲ್ಲಿ. ಹದಿಮೂರನೆಯ ವಯಸ್ಸಿನಿಂದ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಂಡು ಬಂದವರಲ್ಲದೆ ಬೇರೆ ಯಾರೂ ಅದನ್ನು ಒಂದು ಕೈಸನ್ನೆಯಲ್ಲಿ ಮಾಡಲಾರರು.

ಹಣದ ವಿಚಾರ: 1,100 ಪೌಂಡ್, ಅರ್ಧ ಮುಂಗಡ. ನಾನು ವಿಚಾರಿಸಿದ ವೃತ್ತಿಪರ ತಂಡವೊಂದು ಇದರ ಮೂರರಷ್ಟು ಕೇಳಿತ್ತು. ಈ ಹಣವನ್ನು ಇವರು ಹಂಚಿಕೊಳ್ಳುವುದಿಲ್ಲ. ತಾಲೀಮಿನ ಜಾಗದ ಬಾಡಿಗೆ, ಹೊಸ ರಚನೆಗಳ ಖರೀದಿ, ಉಳಿದದ್ದು ಹಳೆಯ ಶಾಲೆಯ ಮಕ್ಕಳ ವಾದ್ಯಗಳ ರಿಪೇರಿಗೆ. ಹದಿನೇಳು ಜನಕ್ಕೆ ಊಟ ನಮ್ಮದೇ. ಬಿಸಿಬೇಳೆಭಾತನ್ನು ಎರಡನೆಯ ಸಲ ಹಾಕಿಸಿಕೊಂಡವರು ಒಂಬತ್ತು ಜನ, ಆದರೆ ನುಡಿಸುವ ಮೊದಲು ಹೊಟ್ಟೆ ತುಂಬ ತಿನ್ನುವಂತಿಲ್ಲ, ಆದ್ದರಿಂದ ಅವರ ಪಾಲನ್ನು ಬಿಡುವಿಗೆಂದು ತೆಗೆದಿಡಬೇಕು. ಜಾಗ ಕಡಿಮೆಯೆಂದರೂ ಎಂಟು ಮೀಟರ್ ಅಗಲ, ಐದು ಮೀಟರ್ ಆಳ ಬೇಕು. ಲಿಫ್ಟ್ ಇದ್ದರೆ ಒಳ್ಳೆಯದು. ವರ್ಷಕ್ಕೆ ಕೆಲವೇ ಕಾರ್ಯಕ್ರಮ ಒಪ್ಪಿಕೊಳ್ಳುತ್ತಾರೆ, ಎಲ್ಲರಿಗೂ ಬೇರೆ ಉದ್ಯೋಗವಿದೆ. ಅದಕ್ಕೇ ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ನನ್ನನ್ನು ಬಲ್ಲವರು ಕೇಳಿದರೆ ಕೊಡುತ್ತೇನೆ.

ನೊಟ್ಟುಸ್ವರವನ್ನು ಕೊನೆಗೆ ಇಟ್ಟಿದ್ದರು. ಗಣಿತದ ಮೇಷ್ಟರು ಮೊದಲ ಸುತ್ತನ್ನು ಅಮ್ಮ ಹಾಡಿದ ಹಾಗೆಯೇ, ಓಲಾಟವಿಲ್ಲದೆ, ಸ್ಯಾಕ್ಸೊಫೋನುಗಳಿಗೆ ಮಾತ್ರ ಬರೆದಿದ್ದರು. ಎರಡನೆಯ ಸುತ್ತಿನಲ್ಲಿ ಡ್ರಮ್ ಸೇರಿ ಮಟ್ಟು ಓಲಾಡತೊಡಗಿತು, ಟ್ರಾಂಬೋನುಗಳು ಕೆಳಗಿನಿಂದ ಉತ್ತರ ಕೊಟ್ಟವು, ಕೊನೆಗೆ ಟ್ರಂಪೆಟ್‌ಗಳು ಎದ್ದು ನಿಂತವು. ನಮ್ಮ ಕಡೆಯ ಹೆಂಗಸರು ಅಲ್ಲಿಯವರೆಗೂ ಗೋಡೆಯ ಪಕ್ಕ ಕುಳಿತಿದ್ದವರು ಬಾಯಿಬಿಟ್ಟು ಹಾಡಿದರು. ಕೊನೆಯ ಸ್ವರವನ್ನು ನಾಲ್ಕು ಟ್ರಂಪೆಟ್‌ಗಳು ಒಟ್ಟಿಗೇ ಬಿಟ್ಟವು. ನಾನು ಮೂರನೆಯವರನ್ನೇ ನೋಡುತ್ತಿದ್ದೆ.

ಮೈಸೂರಿಗೆ ಹೊರಡುವ ಮೊದಲು ಅಮ್ಮನಿಗೆ ಆ ರಚನೆಯ ಒಂದು ಪ್ರತಿ ಅಂಚೆಯಲ್ಲಿ ಬಂತು. ಹದಿನೇಳು ಹಾಳೆ, ವಾದ್ಯಕ್ಕೊಂದರಂತೆ. ಅವರ ಕಪಾಟಿನಲ್ಲಿ ಎಲ್ಲ ರಚನೆಗಳಿಗೂ ಸಂಖ್ಯೆ ಇರುತ್ತದೆ. ಬಲಗಡೆ ಮೇಲೆ ಪೆನ್ಸಿಲಿನಲ್ಲಿ 214 ಎಂದು ಬರೆದು, ರಚನಕಾರರ ಹೆಸರಿನ ಜಾಗದಲ್ಲಿ ದೀಕ್ಷಿತರ ಹೆಸರನ್ನು ಅಕ್ಷರ ತಪ್ಪದೆ ಹಾಕಿದ್ದರು.